ಒಂಬತ್ತರಿಂದ ಇಳಿದ ಅಂಕಿ

“ಅದನ್ನು ಮುಟ್ಟಬೇಡಿ ಟೀಚರೇ, ಹಿಂದೆ ಬನ್ನಿ!”

ಬಾಗಿಲಲ್ಲಿ ಪೊಲೀಸಿನವರೊಬ್ಬರು ನಿಂತಿದ್ದರು. ನನ್ನ ಕೈಯಲ್ಲಿ ವಯರು ಬೆಸೆಯುವ, ಬಿಸಿ ಆರದ ಸೋಲ್ಡರಿಂಗ್ ಕಡ್ಡಿ ಇತ್ತು. ಅದು ಎಂಬತ್ತರ ದಶಕದ ಕೊನೆ. ಲಾಯಿಲದ ನಮ್ಮ ಮನೆಯಲ್ಲಿ, ಶಾಲೆಯಲ್ಲಿ ಪಾಠ ಮುಗಿಸಿ ಬಂದ ಮೇಲೆ ನಾನು ಪುಟ್ಟ ಕಂಪ್ಯೂಟರಿನಂಥ ಮೈಕ್ರೊಪ್ರೊಸೆಸರ್ ಕಿಟ್ ಇಟ್ಟುಕೊಂಡು ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದೆ. ನೀರಿನ ಪಂಪನ್ನು ತಾನಾಗಿ ನಿಲ್ಲಿಸುವ ಟೈಮರ್ ಮಾಡಬೇಕೆಂಬುದು ನನ್ನ ಆಸೆ. ಮೇಜಿನ ತುಂಬ ವಯರುಗಳು, ನಡುವೆ ಕೆಂಪಗೆ ಹೊಳೆಯುವ ಅಂಕಿಗಳು.

ಇದು ಪಂಪಿನ ಟೈಮರ್ ಎಂದು ಹೇಳಿದೆ. “ಬಾಂಬು ಅಲ್ಲದಿದ್ದರೆ ಲೆಕ್ಕ ಯಾಕೆ ಕೆಳಗೆ ಇಳೀತದೆ?” ಎಂದು ಅವರು ಕೇಳಿದರು.

ಬಾಯಿಮಾತನ್ನು ಅವರು ನಂಬುವ ಹಾಗೆ ಕಾಣಲಿಲ್ಲ. ಪಂಪಿನ ಬದಲು ಒಂದು ಬಲ್ಬು ಜೋಡಿಸಿ ಗುಂಡಿ ಒತ್ತಿದೆ. ಬಲ್ಬು ಹೊತ್ತಿತು, ಅಂಕಿ ಒಂಬತ್ತರಿಂದ ಇಳಿಯತೊಡಗಿತು. ಮೂರು ಬರುವಷ್ಟರಲ್ಲಿ ಅವರು ಅಂಗಳದಲ್ಲಿದ್ದರು. ಸೊನ್ನೆ ಬಂದಾಗ ಟಕ್ಕೆಂದು ಸದ್ದಾಗಿ ಬಲ್ಬು ಆರಿತು, ಅಷ್ಟೆ.

ಅವರು ನಾಚಿಕೊಂಡೇ ಒಳಗೆ ಬಂದರು. “ಬೇಸರ ಮಾಡಬೇಡಿ ಮಾರಾಯ್ರೆ. ಅಂಕಿ ಇಳಿಯುವುದು ನೋಡಿ ಬಾಂಬು ಅಂತ ಸ್ಟೇಷನಿಗೆ ಬಂದು ಹೇಳಿದ್ದು ನಿಮ್ಮ ಅಪ್ಪನೇ. ಪಾಪ, ತುಂಬಾ ಹೆದರಿದ್ದಾರೆ” ಎಂದು ಹೇಳಿ ಹೋದರು.

ಸ್ವಲ್ಪ ಹೊತ್ತಿನಲ್ಲಿ ಪೇಟೆಯಿಂದ ಬಂದ ಅಪ್ಪ ನನ್ನ ಮುಖವನ್ನೇ ನೋಡುತ್ತಾ, “ಯಾರಾದರೂ ಬಂದಿದ್ದರಾ?” ಎಂದು ಕೇಳಿದರು.

“ಇಲ್ಲ” ಎಂದೆ.

ಟೈಮರ್ ಆಯಿತು, ಪಂಪು ತಾನಾಗಿ ನಿಲ್ಲತೊಡಗಿತು. ಅಪ್ಪ ಅದನ್ನು ಊರವರಿಗೆಲ್ಲ ಕರೆದು ತೋರಿಸಿದರು. ಆದರೆ ಆ ದಿನದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೆಲಸದ ನಡುವೆ ಅವರು ಬಂದು ಬೆನ್ನ ಹಿಂದೆ ನಿಂತರೆ ಮಾತ್ರ, ಮತ್ತೆ ಹೆದರಿಯಾರೆಂದು ಎಷ್ಟೋ ವರ್ಷ ನನ್ನ ಬೆರಳು ಗುಂಡಿಯ ಮೇಲೆ ತಡೆದು ನಿಲ್ಲುತ್ತಿತ್ತು.