ಚಿಲಕ ತೆಗೆದ ಸಂಜೆ

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳೋದಕ್ಕೂ ಒಂದು ಸರ್ಟಿಫಿಕೇಟ್ ಬೇಕಾ ಅಂತ ಮೂಗು ಮುರಿದವಳು ನಾನು. ಗುಂಡ್ಲುಪೇಟೆಯ ಆಸ್ಪತ್ರೆಯೊಂದರಲ್ಲಿ ಹದಿನಾರು ವರ್ಷ ನರ್ಸಾಗಿ ಸವೆದಿದ್ದೇನೆ, ನನಗೇನು ಹೇಳಿಕೊಡ್ತಾರೆ ಇವರು? ಆದರೂ ಹೋಗಲೇಬೇಕಾಯಿತು. ಚಾಮರಾಜನಗರದಲ್ಲಿ ಹದಿನೈದು ದಿನ ಪಾಠ, ಆಮೇಲೆ ಒಂದು ತಿಂಗಳು ರೋಗಿಯೊಬ್ಬರ ಮನೆಗೆ ಹೋಗಿಬರುವ ಕೆಲಸ. ಪಾಠ ಮಾಡುವ ಮೇಡಂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದದ್ದು ಇಷ್ಟೇ: "ಮನೆಗೆ ಹೋಗ್ಬೇಕು ಅಂತ ಎದ್ದರೆ ತಡೀಬೇಡಿ. ಇದೇ ನಿಮ್ಮನೆ ಅಂತ ವಾದ ಮಾಡ್ಬೇಡಿ. ಜೊತೆಗೆ ನಾಲ್ಕು ಹೆಜ್ಜೆ ನಡೀರಿ, ತಾವೇ ಸಮಾಧಾನ ಆಗ್ತಾರೆ."

ನನಗೆ ಸಿಕ್ಕಿದ್ದು ಪುಣಜನೂರಿನ ಒಂದು ಮನೆ. ಎಂಬತ್ತು ದಾಟಿದ ಅಜ್ಜಿ, ಮಗ, ಸೊಸೆ. ಮಗ ಬದನಗುಪ್ಪೆಯ ಫ್ಯಾಕ್ಟರಿಗೆ ಹೋದರೆ ಬರುವಷ್ಟರಲ್ಲಿ ಕತ್ತಲು. ಅಜ್ಜಿಗೆ ಮಗನ ಗುರುತೂ ಇಲ್ಲ, ಸೊಸೆಯ ಗುರುತೂ ಇಲ್ಲ. ಮಧ್ಯಾಹ್ನದವರೆಗೆ ಸುಮ್ಮನಿರುವ ಜೀವ, ನಾಲ್ಕು ಗಂಟೆ ಆಯಿತೋ, "ನಮ್ಮನೇಗೆ ಓಗ್ಬೇಕು ಕಣ" ಅಂತ ಎದ್ದು ನಿಲ್ಲುತ್ತಿತ್ತು. ಸೊಸೆ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ಕತ್ತಲಾಗುವವರೆಗೂ ಒಳಗಿನಿಂದ ಬಾಗಿಲು ಬಡಿಯುವ ಸದ್ದು. ಮೊದಲ ದಿನ ಅದನ್ನು ಕೇಳಿದ್ದೇ ಸೊಸೆಯ ಮುಂದೆ ಹೋಗಿ ನಿಂತೆ.

"ಏನಮ್ಮಾ ಇದು, ಕೂಡಿಹಾಕೋಕೆ ಅವರೇನು ದನಾನಾ?" ಅಂತ ರೇಗಿಬಿಟ್ಟೆ.

ಸೊಸೆ ತಿರುಗಿ ಕೂಗಾಡಲಿಲ್ಲ. "ಕಾಡು ಇಲ್ಲೇ ಅದೆ ಸಿಸ್ಟರ್. ಎರಡ್ ಸಲ ಒಲದ್ ತಾವಿಂದ ಕರ್ಕೊಂಡ್ ಬಂದಿವ್ನಿ. ನಿಮ್ ಪುಸ್ತಕದಲ್ಲಿ ಆನೆ ವಿಷ್ಯ ಬರ್ದವ್ರಾ?" ಅಂದಳು.

ಬರೆದಿರಲಿಲ್ಲ. ಆದರೆ ಸೋಲೊಪ್ಪಿಕೊಳ್ಳುವ ಜಾಯಮಾನವಾ ನನ್ನದು! ಸಾಯುವವರೆಗೂ ಈ ಮುದುಕಿಯ ಸಂಜೆಗಳು ಬಾಗಿಲು ಬಡಿಯೋದರಲ್ಲೇ ಕಳೆಯಬೇಕಾ? ಒಂದು ವಾರ ಸೊಸೆಯ ಬೆನ್ನು ಬಿದ್ದೆ. ಕೊನೆಗೆ ಒಂದು ದಿನ ನಾನೇ ಚಿಲಕ ತೆಗೆದು, "ನಾನಿದ್ದೀನಲ್ಲ, ನೀನು ಸುಮ್ಮನಿರು" ಅಂದು ಅಜ್ಜಿಯ ಜೊತೆ ಹೊರಟೆ.

ನಾಲ್ಕು ಹೆಜ್ಜೆಯಂತೆ, ನಾಲ್ಕು ಹೆಜ್ಜೆ! ಊರು ಮುಗಿಯಿತು, ಮುಸುಕಿನ ಜೋಳದ ಹೊಲ ಬಂತು, ಅಜ್ಜಿ ನಿಲ್ಲುವ ಹಾಗೇ ಕಾಣಲಿಲ್ಲ. ನಿಮ್ಮನೆ ಎಲ್ಲವ್ವಾ, ಮನೇಲಿ ಯಾರ್ಯಾರವ್ರೆ ಅಂತ ಕಲಿತ ಪ್ರಶ್ನೆಗಳನ್ನೆಲ್ಲ ಕೇಳುತ್ತ ಏದುಸಿರು ಬಿಡುತ್ತ ನಡೆದೆ.

ಹೊಲದ ಅಂಚಿನಲ್ಲಿ ಅಜ್ಜಿ ತಟ್ಟನೆ ನಿಂತಿತು. ಮುಖ ಮೇಲೆತ್ತಿ ಮೂಸಿತು. ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು, "ಬಾಯ್ ಮುಚ್ಕೊ ಕಣಮ್ಮಿ" ಅಂದಿತು. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಎದೆಮಟ್ಟದಿಂದ ಉದುರಿಸಿತು. ಧೂಳು ನಮ್ಮ ಬೆನ್ನ ಕಡೆಗೆ ಹಾರಿತು. "ಗಾಳಿ ನಮ್ ಕಡೀಕೆ ಅದೆ. ಅಲ್ಲಾಡ್ಬ್ಯಾಡ" ಅಂತ ಪಿಸುಗುಟ್ಟಿ, ಹುಣಸೆಮರದ ಹಿಂದಕ್ಕೆ ಎಳೆದುಕೊಂಡಿತು.

ನನಗೆ ಯಾವ ವಾಸನೆಯೂ ಬಂದಿರಲಿಲ್ಲ, ಏನೂ ಕಂಡಿರಲಿಲ್ಲ. ಆಮೇಲೆ ಜೋಳದ ಮೇಲೆ ಒಂದು ಬೆನ್ನು ಕಂಡಿತು. ಅದರ ಹಿಂದೆ ಇನ್ನೊಂದು, ನಡುವೆ ಒಂದು ಮರಿ. ಅಷ್ಟು ದೊಡ್ಡ ಪ್ರಾಣಿಗಳು, ಐವತ್ತು ಮಾರು ದೂರದಲ್ಲಿ, ಸದ್ದೇ ಇಲ್ಲದೆ ದಾರಿ ದಾಟಿದವು. ನಾನು ಮರಕ್ಕೆ ಒತ್ತಿಕೊಂಡೆ, ಅಜ್ಜಿ ಮಾತ್ರ ನೆಟ್ಟಗೆ ನಿಂತಿತ್ತು. "ಓಗು ಸಾಮಿ, ಮರಿ ಕರ್ಕೊಂಡ್ ಓಗು" ಅಂತ ಉಸಿರಿನಲ್ಲೇ ಹೇಳುತ್ತಿತ್ತು.

ಬದುಕಿಕೊಂಡೆ ಅಂತ ನಾನು ಕಾಲು ಎತ್ತಿದೆ. ಅಜ್ಜಿ ಬಿಡಲಿಲ್ಲ. "ಇನ್ನೊಂದ್ ಅದೆ."

ಎಷ್ಟೋ ಹೊತ್ತಿನ ಮೇಲೆ, ನಾನು ಕಾಲಿಡಬೇಕೆಂದಿದ್ದ ಜಾಗದಲ್ಲೇ, ಒಂಟಿ ಸಲಗ ಹಾದುಹೋಯಿತು. ಅಬ್ಬಾ! ಹೆತ್ತ ಮಗನ ಮುಖ ಮರೆತ ತಲೆಯೊಳಗೆ ಇದೆಲ್ಲ ಎಲ್ಲಿತ್ತು? ಪಕ್ಕದಲ್ಲಿ ನಿಂತಿದ್ದ ಆ ಒಣಕಲು ಮುದುಕಿಯನ್ನು ನಾನು ಕತ್ತೆತ್ತಿ ನೋಡಿದೆ.

"ನಡಿ, ನಿಮ್ಮವ್ವ ಎದ್ರುಕೊಂಡಿರ್ತಾಳೆ" ಅಂತ ಅಜ್ಜಿ ನನ್ನ ಕೈ ಹಿಡಿದು ಊರ ಕಡೆ ತಿರುಗಿತು. ಮನೆ ತಪ್ಪಲಿಲ್ಲ. ಸೊಸೆ ಬಾಗಿಲಲ್ಲೇ ನಿಂತಿದ್ದಳು, ಮುಖದಲ್ಲಿ ರಕ್ತವಿಲ್ಲ. ಅಜ್ಜಿ ನನ್ನ ಕೈಯನ್ನು ಅವಳ ಕೈಯೊಳಗಿಟ್ಟಿತು.

"ತಗಳವ್ವ, ನಿನ್ ಕೂಸು. ಕಾಡಿನ್ ಕಡೀಕೆ ಬುಡ್ಬ್ಯಾಡ. ನಾನಿನ್ನ ನಮ್ಮನೇಗೆ ಓಗ್ತೀನಿ" ಅಂದು ಮತ್ತೆ ಬೀದಿಗಿಳಿಯಿತು.

ಸೊಸೆ ನನ್ನ ಮುಖ ನೋಡಿದಳು. ಚಿಲಕ ಹಾಕು ಅನ್ನೋದಕ್ಕೂ ನನಗೆ ಬಾಯಿ ಬರಲಿಲ್ಲ, ಬೇಡ ಅನ್ನೋದಕ್ಕೂ ಬರಲಿಲ್ಲ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಚಪ್ಪಲಿ ಮೆಟ್ಟಿಕೊಂಡಳು.

"ನಿಂತ್ಕಳಿ ಅವ್ವಾ, ನಾನೂ ಬತ್ತೀನಿ. ಊರೊಳಗಿನ್ ದಾರೀಲಿ ಓಗನ."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿತು. "ಕೂಸ್ನ ಒಂದ್ನೇ ಬುಟ್ ಬತ್ತೀಯಾ?"

"ಮನೇಲೇ ಇರ್ತಾಳೆ, ಬನ್ನಿ."

ನಲವತ್ತು ದಾಟಿದ ನಾನು ಮರುಮಾತಾಡದೆ ಜಗಲಿಯ ಮೇಲೆ ಕೂತೆ.