ಹೆಬ್ಬೆರಳಿಗೆ ಸಿಕ್ಕ ದಿಕ್ಕು

ಬೆಳಗಿನ ಐದೂವರೆ. ಕಡಲಿಂದ ಎದ್ದ ಮಂಜು ಹಡಗು ನಿಲ್ಲುವ ಜೆಟ್ಟಿಯನ್ನು ನುಂಗಿದೆ. ಎದೆಮಟ್ಟದ ಕೊಳವೆಯ ತಗಡಿನ ಹೊದಿಕೆಯ ಮೇಲೆ ಬರಿಗೈ ಆಡಿಸುತ್ತ, ಕಣ್ಣು ಮುಚ್ಚಿಕೊಂಡು, ಹೆಂಗಸೊಬ್ಬರು ನಡೆಯುತ್ತಿದ್ದಾರೆ. ಹತ್ತೊಂಬತ್ತು ವರ್ಷ ಮೊರೆದ ಪಂಪುಗಳು ಎಂಟು ತಿಂಗಳಿಂದ ಸುಮ್ಮನಿವೆ. ಖಾಲಿ ಕೊಳವೆಯೊಳಗೆ ಯಾರೋ ಉಸಿರು ಬಿಗಿಹಿಡಿದು ನಿಂತಂತಿದೆ.

ಇಲ್ಲಿಯವರಿಗೆಲ್ಲ ಅವರು ಬಾಣದಕ್ಕ. ಕೊಳವೆಯಲ್ಲಿ ಅನಿಲ ಯಾವ ಕಡೆ ಹರಿಯುತ್ತದೆಂದು ತೋರಿಸುವ ಹಳದಿ ಬಾಣ ಬರೆಯುವುದು ಅವರ ಕೆಲಸ. ಮೊದಲು ಕಡುಶೀತದಲ್ಲಿ ದ್ರವವಾದ ಅನಿಲ ಹಡಗಿನಲ್ಲಿ ಬರುತ್ತಿತ್ತು. ಬಾಣಗಳೆಲ್ಲ ಕಡಲಿಂದ ದಡಕ್ಕೆ. ಈಗ ಅನಿಲ ನಾಡಿನೊಳಗೇ ಸಿಕ್ಕಿದೆ. ತರಿಸಿಕೊಳ್ಳುತ್ತಿದ್ದ ನಿಲ್ದಾಣ ಕಳಿಸುವ ನಿಲ್ದಾಣವಾಗಿದೆ. ದಿನಕ್ಕೆ ಹದಿನಾಲ್ಕರಂತೆ 2,140 ಬಾಣಗಳನ್ನು ಉಜ್ಜಿ, ತಿರುಗಿಸಿ ಬರೆದಿದ್ದಾರೆ.

"ತಲೆಗೆ ಬೇಗ ಅರ್ಥವಾಯ್ತು. ಕೈ ಮಾತ್ರ ಹೊಸ ಸೊಸೆ ಥರ. ಬಿಟ್ರೆ ಸಾಕು, ತವರಿನ ದಾರಿ ಹಿಡಿಯತ್ತೆ."

ಬಣ್ಣ ಒಣಗುವ ಮುನ್ನ ಬಾಣದ ಬಾಲಕ್ಕೆ ಹೆಬ್ಬೆರಳು ಒತ್ತುವುದು ಅವರದೇ ರೂಢಿ. ಮಂಜಿನಲ್ಲೂ ದಿಕ್ಕು ಕೈಗೆ ಸಿಗಬೇಕು. ಬಾಲದ ಗುಳಿ ಈಗ ದಡದ ಕಡೆ ಇರಬೇಕು.

ಒಂಬತ್ತಕ್ಕೆ ಮೊದಲ ಹಡಗು ತುಂಬಬೇಕು. ಒಂದೇ ದಿಕ್ಕಿಗೆ ತೆರೆಯುವ ಕವಾಟಗಳನ್ನು ಕೂರಿಸಿದ ಫಿಟ್ಟರ್ ಇವರ ಮೈದುನ. ಮೊದಲ ಒತ್ತಡ ಬಂದಾಗ ಅವುಗಳ ಪಕ್ಕದಲ್ಲಿ ನಿಲ್ಲಬೇಕಾದವನೂ ಅವನೇ. ನನ್ನ ಬಾಣ ನೋಡಿಯಲ್ಲ, ನಕ್ಷೆ ನೋಡಿ ಕೂರಿಸು ಎಂದು ಇವರು ಗದರಿದಾಗಲೆಲ್ಲ, ಅತ್ತಿಗೆಯ ಕೈಗಿಂತ ದೊಡ್ಡ ನಕ್ಷೆ ಯಾವುದೆಂದು ನಗುತ್ತಿದ್ದನಂತೆ.

ಕೊನೆಯ ತಿರುವಿನಲ್ಲಿ ಕೈ ನಿಲ್ಲುತ್ತದೆ. ಗುಳಿ ಕಡಲಿನ ಕಡೆಗಿದೆ. ಹೆಬ್ಬೆರಳು ಇಟ್ಟು ನೋಡುತ್ತಾರೆ, ಅಚ್ಚುಕಟ್ಟಾಗಿ ಕೂರುತ್ತದೆ. ಇದನ್ನು ಬರೆದದ್ದು ಅವರಿಗೆ ನೆನಪೇ ಇಲ್ಲ. ಬಣ್ಣ ಹೊಸದು, ಬೆರಳು ಅವರದೇ, ದಿಕ್ಕು ಹಳೆಯದು.

"ತವರಿಗೆ ಹೋಗಿಬಂದಿದೆ," ಎನ್ನುತ್ತಾರೆ ಮೆಲ್ಲಗೆ.

ಗುರುತು ತಪ್ಪಾಗಿ ಬರೆದವರ ಗೇಟ್ ಪಾಸನ್ನು ಅಂದೇ ಕಿತ್ತುಕೊಂಡು ಕೆಲಸದಿಂದ ಕಳಿಸುವುದು ಇಲ್ಲಿಯ ನಿಯಮ. ಚೀಲ ಹೆಗಲಿಗೇರಿಸಿ ಬಂದ ಮೈದುನನಿಗೆ ಕವಾಟ ಬಿಚ್ಚಲು ಹೇಳುತ್ತಾರೆ. ಅವನು ಸುತ್ತ ನೋಡಿ ದನಿ ತಗ್ಗಿಸುತ್ತಾನೆ. ಕವಾಟ ಸರಿಯಾಗೇ ಕೂತಿರತ್ತೆ, ಬರೀ ಬಾಣ ತಿದ್ದಿಬಿಡಿ, ಯಾರಿಗೂ ಗೊತ್ತಾಗಲ್ಲ ಎನ್ನುತ್ತಾನೆ.

"ಬಾಣ ತಿದ್ದಿದ್ರೆ ನಾನು ಉಳೀತೀನಿ ಕಣೋ. ನೀನು?"

ಅವನು ಹೋಗಿ ಸೂಪರ್‌ವೈಸರನ್ನು ಕರೆತರುತ್ತಾನೆ. ಬೋಲ್ಟುಗಳು ಒಂದೊಂದಾಗಿ ಸಡಿಲುತ್ತವೆ. ಒಳಗೆ ಕವಾಟದ ರೆಪ್ಪೆಯಂಥ ಮುಚ್ಚಳ ಹಳೆಯ ದಿಕ್ಕಿಗೇ ತೆರೆಯುವಂತೆ ಕೂತು, ದಡದಿಂದ ಬರುವ ದಾರಿಯನ್ನು ಬಿಗಿಯಾಗಿ ಮುಚ್ಚಿದೆ. ಒತ್ತಡ ಏರಿದ್ದರೆ ಜೋಡಣೆ ಬಿರಿಯುತ್ತಿತ್ತು. ಮೈದುನ ತಾನು ನಿಲ್ಲಬೇಕಿದ್ದ ಜಾಗವನ್ನೇ ನೋಡುತ್ತಾನೆ. ಕಾಣದ ಹಡಗು ಮಂಜಿನಾಚೆ ಒಮ್ಮೆ ಕೂಗಿ ಸುಮ್ಮನಾಗುತ್ತದೆ.

ಪಾಸನ್ನು ಸೂಪರ್‌ವೈಸರ್ ಕೇಳುವ ಮೊದಲೇ ಬಾಣದಕ್ಕ ಕೊರಳಿಂದ ತೆಗೆದುಕೊಡುತ್ತಾರೆ. ಆ ಒಂದು ಬಾಣ ತಾವೇ ಬರೆದು ಹೋಗುವುದಕ್ಕೆ ಮಾತ್ರ ಅಪ್ಪಣೆ ಕೇಳುತ್ತಾರೆ. ಉಜ್ಜಿ, ಬರೆದು, ದಡದ ಕಡೆಯ ಬಾಲಕ್ಕೆ ಹೆಬ್ಬೆರಳು ಒತ್ತಿ, ಎರಡು ಸಲ ಸವರಿ ನೋಡುತ್ತಾರೆ.

"ನಾಳೆ ಈ ಮಂಜಲ್ಲಿ ಯಾರು ಬರ್ತಾರೋ," ಎನ್ನುತ್ತಾರೆ. "ಅವರ ಕೈಗೆ ಸಿಗಲಿ."