ಕಾವು ಕೊಡದ ಬಲ್ಬ್

ಮೂರು ವರ್ಷದ ಹಿಂದಿನ ಜನವರಿ. ಕೆ.ಆರ್. ಪುರದಲ್ಲಿ ನಾನು ಎಲೆಕ್ಟ್ರಿಕಲ್ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಆ ಸಂಜೆ ಅಂಗಡಿಯಲ್ಲಿ ಇದ್ದವರು ಮೂವರು: ಗಲ್ಲಾದಲ್ಲಿ ನಾನು, ಮೂಲೆಯಲ್ಲಿ ಫ್ಯಾನಿಗೆ ತಂತಿ ಸುತ್ತುತ್ತಿದ್ದ ನಜೀರ್ ಸಾಬರು, ಎದುರಿಗೆ ಶರಣಪ್ಪ. ಯಾದಗಿರಿ ಕಡೆಯ ಗಾರೆ ಕೆಲಸದವನು. ಹಿಂದಿನ ಬೀದಿಯ ಬಾಡಿಗೆ ಕೋಣೆಯಲ್ಲಿದ್ದ.

“ಟೇಬಲ್ ಲ್ಯಾಂಪಿನ ಬಲ್ಬ್ ಹೋಗ್ಯಾದ್ರಿ ಅಣ್ಣಾರ. ಹಳೀ ಥರದ್ದು, ಅರವತ್ತು ವ್ಯಾಟಿಂದೇ ಕೊಡ್ರಿ.”

ನನಗೆ ನಗು ಬಂತು. “ಯಾವ ಕಾಲದಲ್ಲಿದ್ದೀರಿ ಶರಣಪ್ಪ? ಒಂಬತ್ತು ವ್ಯಾಟಿನ ಎಲ್‌ಇಡಿ ಹಾಕ್ಕೊಳ್ಳಿ. ಬೆಳಕು ಅಷ್ಟೇ ಬರುತ್ತೆ, ಎಷ್ಟೊತ್ತು ಉರಿದ್ರೂ ಬಿಸಿ ಆಗಲ್ಲ.”

“ಅಲ್ರಿ, ನಮಗ...” ಎಂದು ತಡವರಿಸಿದ. ನಾನು ಹೋಲ್ಡರಿಗೆ ಸಿಕ್ಕಿಸಿ ಬೆಳಗಿಸಿ ತೋರಿಸಿಯೇ ಬಿಟ್ಟೆ. ದುಡ್ಡು ಕೊಟ್ಟು ತೆಗೆದುಕೊಂಡು ಹೋದ.

“ಯಾವುದಕ್ಕೆ ಅಂತ ಕೇಳಿದ್ರಾ ಸ್ವಾಮಿ?” ಎಂದರು ಸಾಬರು, ತಲೆ ಎತ್ತದೆ.

“ಲ್ಯಾಂಪು ಇನ್ಯಾವುದಕ್ಕೆ ಸಾಬ್ರೇ, ಬೆಳಕಿಗೆ ತಾನೇ?”

ಮರುದಿನ ಶಟರ್ ಎತ್ತುವಷ್ಟರಲ್ಲಿ ಶರಣಪ್ಪನ ಹೆಂಡತಿ ಮಹಾದೇವಿ ಆ ಬಲ್ಬ್ ಹಿಡಿದು ನಿಂತಿದ್ದಳು. “ಇದು ಕೆಟ್ಟದ್ದ ಅದರಿ. ಬೆಳಕ್ ಬರ್ತದ, ಕಾವೇ ಬರವಲ್ದು. ಕೂಸಿನ ಕೈಕಾಲು ಥಣ್ಣಗಾಗ್ಯಾವ. ಹಾಲೂ ಕುಡೀವಲ್ದು.”

ಶಟರನ್ನು ಅರ್ಧಕ್ಕೇ ಬಿಟ್ಟು ಅವಳ ಹಿಂದೆಯೇ ಕೋಣೆಗೆ ಓಡಿದೆ. ದಿನ ತುಂಬದೆ ಹುಟ್ಟಿದ ಹೆಣ್ಣುಕೂಸು. ಎರಡು ಕಿಲೋ ಕೂಡ ಇರಲಿಲ್ಲ. ಅದನ್ನು ಬೆಚ್ಚಗಿಡಲು ಲ್ಯಾಂಪನ್ನು ತೊಟ್ಟಿಲಿಗೆ ಬಗ್ಗಿಸಿಟ್ಟಿದ್ದರು. ಲ್ಯಾಂಪಿನ ಮೇಲೆ ‘ಮ್ಯಾಕ್ಸಿಮಮ್ ನಲವತ್ತು ವ್ಯಾಟ್’ ಎಂದು ಅಚ್ಚಾಗಿತ್ತು. ಹಳೆಯ ಬಲ್ಬಿನ ಬಿಸಿಗೆ ಹೋಲ್ಡರಿನ ಒಂದು ಅಂಚು ಕರಗಿ ತಂತಿ ಹೊರಗೆ ಕಾಣುತ್ತಿತ್ತು, ತೊಟ್ಟಿಲ ಬಟ್ಟೆಯ ಅಂಚು ಕಂದಿತ್ತು. ಅವನು ಕೇಳಿದ್ದನ್ನೇ ಕೊಟ್ಟಿದ್ದರೂ ಇನ್ನೆರಡು ದಿನದಲ್ಲಿ ಬೆಂಕಿಯೇ.

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. “ಬಲ್ಬ್ ಹಾಕಿ ಕಾಯ್ಸೋಕೆ ಇದೇನು ಕೋಳಿಮರಿನಾ?” ಎಂದು ಗದರುತ್ತಲೇ ನರ್ಸ್ ಕೂಸನ್ನು ಶಿಶುಗಳನ್ನು ಬೆಚ್ಚಗಿಡಲೆಂದೇ ಇರುವ ವಾರ್ಮರಿನಲ್ಲಿ ಮಲಗಿಸಿದರು. ಅದು ಅಳುವವರೆಗೆ ನಾನು ಬಾಗಿಲು ಬಿಟ್ಟು ಕದಲಲಿಲ್ಲ.

ಹಳೆಯ ಬಲ್ಬ್ ಹೀರುವ ಕರೆಂಟಿನ ಬಹುಪಾಲು ಬಿಸಿಯಾಗಿ ಹೋಗುತ್ತದೆ. ಅದು ಬರೀ ನಷ್ಟವೆಂದು ಗಿರಾಕಿಗಳಿಗೆ ಪಾಠ ಹೇಳಿದವನು ನಾನು. ಆ ಬಿಸಿಗಾಗಿಯೇ ಒಬ್ಬರು ಬಲ್ಬ್ ಕೊಳ್ಳಬಹುದೆಂದು ಹೊಳೆದಿರಲೇ ಇಲ್ಲ. ಈಗ ಲ್ಯಾಂಪು ಎಲ್ಲಿದೆ, ಯಾಕಿದೆ, ಮೇಲೆ ಏನು ಬರೆದಿದೆ ಎಂದು ಕೇಳದೆ ನನ್ನ ಕೈ ಕಪಾಟಿಗೆ ಹೋಗುವುದಿಲ್ಲ.

ಒಂಬತ್ತನೆಯ ದಿನ ಕೂಸನ್ನು ಮನೆಗೆ ಕಳಿಸಿದರು. ನೋಡಲು ಹೋದೆ. ಮಹಾದೇವಿ ರೊಟ್ಟಿ ತಟ್ಟುತ್ತಿದ್ದಳು. ನರ್ಸ್ ಹೇಳಿಕೊಟ್ಟಂತೆ ಶರಣಪ್ಪ ಅಂಗಿ ಬಿಚ್ಚಿ, ಕೂಸನ್ನು ಬರಿಯೆದೆಗೆ ಒರಗಿಸಿ ಮೇಲೆ ಕಂಬಳಿ ಹೊದ್ದು ಕೂತಿದ್ದ. ಕೂಸು ನಿದ್ದೆ ಮಾಡುತ್ತಿತ್ತು.